ಸಾಲ ಕೊನೆಗೆ: ಕಸುಬಿದ್ದೂ ಕಾಗದ ಇಲ್ಲದವರಿಗೆ ವ್ಯಾಪಾರ ಶುರು ಮಾಡಿಸುವುದು ಹೇಗೆ

ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಅಕ್ಕ ಒಬ್ಬರಿದ್ದಾರೆ. ಕೆಲವು ವರ್ಷದ ಹಿಂದೆ ಸಾಲ ಕೊಡಿಸೋಣ ಅಂತ ಅವರನ್ನು ಹುಬ್ಬಳ್ಳಿಯ ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲ ಹತ್ತಿರ ಬಂದವರು ಚಪ್ಪಲಿ ಬಿಟ್ಟರು, ಗುಡಿಗೆ ಹೋಗುವ ಹಾಗೆ. ಒಳಗೆ ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲವನ್ನೂ ಸೀರೆ ಅಂಗಡಿಯ ಕವರಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದರು. ಕೌಂಟರಿನವರು ಕಂಪ್ಯೂಟರ್ ನೋಡಿ, "ಸಿಬಿಲ್ ಸರಿ ಇಲ್ಲಮ್ಮ, ಆಗಲ್ಲ" ಅಂದರು. ಹೊರಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು: "ನಾ ಏನ್ ತಪ್ಪ್ ಮಾಡೀನ್ರಿ?"

ತಪ್ಪು ಅವರದ್ದಲ್ಲ, ನನ್ನದು. ಸಾಲ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಸಿಬಿಲ್ ಅಂದರೆ ಯಾರು ಸಾಲ ತೆಗೆದು ಹೇಗೆ ತೀರಿಸಿದರು ಅನ್ನುವ ದಾಖಲೆ. ಅದರಲ್ಲಿ ಅವರ ಹೆಸರಲ್ಲಿ ಹಳೆಯ ಗುಂಪು ಸಾಲ ಒಂದು ಬಾಕಿ ಅಂತ ಕೂತಿತ್ತು. ಅವರು ಅದನ್ನು ಎಂದೋ ತೀರಿಸಿದ್ದರು, ದಾಖಲೆಯಲ್ಲಿ ಮಾತ್ರ ತೀರಿರಲಿಲ್ಲ. ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ದಿನಕ್ಕೆ ಎಷ್ಟು ರೊಟ್ಟಿ ಹೋಗುತ್ತೆ, ಕೈಗೆ ಎಷ್ಟು ಉಳಿಯುತ್ತೆ ಅಂತ ಕೇಳಿದ್ದರೆ ನಮ್ಮಿಬ್ಬರಲ್ಲೂ ಉತ್ತರ ಇರಲಿಲ್ಲ.

ಆಮೇಲೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇನ್ನೂ ಹಲವರ ಜೊತೆ ಓಡಾಡಿದ್ದೇನೆ. ಈಗ ನನ್ನ ಸರದಿ ಉಲ್ಟಾ ಆಗಿದೆ. ಮೊದಲು ಲೆಕ್ಕ, ಆಮೇಲೆ ಹಳೇ ಸಾಲ, ಆಮೇಲೆ ಕಾಗದ, ಆಮೇಲೆ ಸಣ್ಣದಾಗಿ ಮಾರಾಟ. ಹೊಸ ಸಾಲ ಕೊನೆಗೆ. ಈ ಬರಹ ವ್ಯಾಪಾರ ಮಾಡುವವರಿಗಿಂತ ಜಾಸ್ತಿ ಅವರ ಜೊತೆ ನಿಲ್ಲುವವರಿಗೆ. ನೀವು ಸಂಘದ ಪ್ರತಿನಿಧಿ ಇರಬಹುದು, ರಿಟೈರ್ ಆದ ಮೇಷ್ಟ್ರು ಇರಬಹುದು, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಓಣಿಯ ಹುಡುಗಿ ಇರಬಹುದು.

ಐಡಿಯಾ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡಿ

ನಾವು ಸಹಾಯ ಮಾಡಲು ಹೊರಟಾಗ ಮೊದಲು ನೆನಪಾಗುವುದು ಹೊಲಿಗೆ ಮಷಿನ್. ನಮ್ಮ ಕಡೆ ಯಾವ ಓಣಿಗೆ ಹೋದರೂ ಎರಡು ಮೂರು ಮಷಿನ್ ಮೇಲೆ ಹಳೇ ಸೀರೆ ಹೊದಿಸಿ, ಅದರ ಮೇಲೆ ಟಿವಿ ಇಟ್ಟಿರುತ್ತಾರೆ. ಯಾರೋ ಕೊಟ್ಟರು, ಫೋಟೋ ತೆಗೆದರು, ಹೋದರು. ಆ ಓಣಿಯಲ್ಲಿ ಬ್ಲೌಸ್ ಹೊಲಿಯುವವರು ಆಗಲೇ ನಾಲ್ಕು ಜನ ಇದ್ದರು ಅಂತ ಯಾರೂ ಕೇಳಲಿಲ್ಲ.

ಅದಕ್ಕೆ ಮೊದಲ ಎರಡು ವಾರ ಸುಮ್ನೆ ಕೂತು ನೋಡಿ. ಅವರ ಕೈಗೆ ಈಗಾಗಲೇ ಏನು ಬರುತ್ತದೆ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಹೆಣ್ಣುಮಗಳು ಡಬ್ಬಿ ಯಾವುದು, ಕಡ್ಡಿ ಯಾವುದು, ಕಳೆದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲು ಯಾವುದು ಅಂತ ಕಣ್ಣಲ್ಲೇ ಹೇಳುತ್ತಾಳೆ. ಖಾರದಪುಡಿ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕಾ? ಬೆಟಗೇರಿಯ ಮಗ್ಗದ ಮನೆಯ ಹುಡುಗ, ಸಾವಜಿ ಖಾನಾವಳಿಯಲ್ಲಿ ಮಸಾಲೆ ಅರೆದವರು, ಧಾರವಾಡದ ಕಡೆ ಕಸೂತಿ ಹಾಕುವವರು, ನವಲಗುಂದದಲ್ಲಿ ಜಮಖಾನ ನೇಯುವವರು, ಇವರಿಗೆಲ್ಲ ನಾವು ಕಸುಬು ಕಲಿಸಬೇಕಾಗಿಲ್ಲ.

ಇನ್ನೊಂದು ನೋಡಬೇಕಾದ್ದು, ಅವರ ದಿನ. ಬೆಳಗ್ಗೆ ನೀರು ಯಾವಾಗ ಬರುತ್ತದೆ, ಮಗುವನ್ನು ಯಾರು ಹಿಡಿಯುತ್ತಾರೆ, ಹಾಸಿಗೆ ಹಿಡಿದ ಮಾವ ಇದ್ದಾರಾ. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನಲ್ಲಿ ನೀರು ದಿನಗಟ್ಟಲೆ ಬರುವುದಿಲ್ಲ. ನೀರು ಬಿಟ್ಟ ದಿನ ಯಾವ ಹೆಣ್ಣುಮಗಳೂ ವ್ಯಾಪಾರಕ್ಕೆ ಹೊರಗೆ ಹೋಗುವುದಿಲ್ಲ. ಇದು ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇರುವುದಿಲ್ಲ, ಆದರೆ ತಿಂಗಳಲ್ಲಿ ಎಷ್ಟು ದಿನ ಅಂಗಡಿ ತೆಗೆಯಬಹುದು ಅನ್ನುವುದು ಇದರ ಮೇಲೇ ನಿಂತಿದೆ. ಗಂಡ, ಅತ್ತೆ ಜೊತೆಗೂ ಒಮ್ಮೆ ಮಾತಾಡಿ. ಅವರ ಅನುಮತಿ ಕೇಳಲು ಅಲ್ಲ. ನಾಳೆ ಅಡ್ಡಗಾಲು ಎಲ್ಲಿಂದ ಬರುತ್ತದೆ ಅಂತ ಇವತ್ತೇ ಗೊತ್ತಾಗಲಿ ಅಂತ.

ನೂರು ರೊಟ್ಟಿಯ ಲೆಕ್ಕ

ಎರಡು ರೂಲಿನ ನೋಟ್‌ಬುಕ್ ಒಂದು ತನ್ನಿ. ಓದು ಬರದವರಾದರೆ ಮಗಳೋ ಮೊಮ್ಮಗನೋ ಬರೆಯಲಿ. ನೀವು ಬರೆಯಬೇಡಿ, ನೀವು ದಿನಾ ಬರುವವರಲ್ಲ.

ನಮ್ಮ ಅಕ್ಕನ ಲೆಕ್ಕವನ್ನೇ ನೋಡೋಣ. ದರ ವರ್ಷ ವರ್ಷ ಬದಲಾಗುತ್ತದೆ, ಆದ್ದರಿಂದ ರೂಪಾಯಿ ನಿಮ್ಮ ಊರಿನದು ಹಾಕಿಕೊಳ್ಳಿ. ನೂರು ಕಟಕ್ ರೊಟ್ಟಿಗೆ 5 ಕೆಜಿ ಬಿಳಿ ಜೋಳ, ಕೆಜಿಗೆ 50ರಂತೆ 250 ರೂಪಾಯಿ. ಗಿರಣಿಯಲ್ಲಿ ಬೀಸಲು 25. ಗ್ಯಾಸಿಗೆ 75. ಕವರಿಗೆ 20. ಒಟ್ಟು 370. ನೂರರಲ್ಲಿ ಐದು ಮುರಿದು ಹೋಗುತ್ತವೆ. ಉಳಿದ 95 ರೊಟ್ಟಿಯನ್ನು ಕಿರಾಣಿ ಅಂಗಡಿಯವನು 6 ರೂಪಾಯಿಯಂತೆ ತೆಗೆದುಕೊಂಡರೆ 570. ಉಳಿಯುವುದು 200. ಅಕ್ಕ ಖುಷಿಯಾಗಿದ್ದರು, ದಿನಕ್ಕೆ ಇನ್ನೂರು ಲಾಭ ಅಂತ.

"ನೂರು ರೊಟ್ಟಿಗೆ ಎಷ್ಟ್ ಹೊತ್ತು ಬೇಕ್ರಿ?" ಅಂತ ಕೇಳಿದೆ. ಒಂದಕ್ಕೆ ಮೂರು ನಿಮಿಷ ಹಿಡಿದರೂ ಐದು ತಾಸು. ಅಂದರೆ ತಾಸಿಗೆ 40 ರೂಪಾಯಿ, ಬಿಸಿ ಹಂಚಿನ ಮುಂದೆ. ಅದು ಲಾಭ ಅಲ್ಲ, ಅದು ಅವರ ಕೂಲಿ, ಅದೂ ಕಡಿಮೆ ಕೂಲಿ. ಅದೇ ರೊಟ್ಟಿಯನ್ನು ನೇರವಾಗಿ ಮನೆಗಳಿಗೆ, ಹಾಸ್ಟೆಲ್ ಹುಡುಗರಿಗೆ 8 ರೂಪಾಯಿಯಂತೆ ಕೊಟ್ಟರೆ 760 ಬರುತ್ತದೆ. ಖರ್ಚು ಕಳೆದು 390. ಕೈ ಅದೇ, ಜೋಳ ಅದೇ. ಧಾರವಾಡದಲ್ಲಿ ವಿದ್ಯಾರ್ಥಿಗಳಿಗೇನು ಕೊರತೆಯಾ?

ಈ ಲೆಕ್ಕ ಆದ ದಿನ ಅಕ್ಕ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಹಂಗಾರ ಇಷ್ಟ್ ದಿನ ಅಂಗಡ್ಯಾಂವಗ ನಾನೇ ರೊಕ್ಕಾ ಕೊಟ್ಟಂಗಾತಲ್ಲ" ಅಂದರು. ಅವರಿಗೆ ಬೇಕಾಗಿದ್ದು 50 ಸಾವಿರದ ಸಾಲ ಅಲ್ಲ, ಹದಿನೈದು ಖಾಯಂ ಗಿರಾಕಿ ಅಂತ ನನಗೂ ಆವತ್ತೇ ತಿಳಿದದ್ದು.

ಒಂದು ತಿಂಗಳು ಬರೆಯಲೇಬೇಕು. ಬಂಡವಾಳ, ಬಂದದ್ದು, ಉದ್ರಿ, ಮನೆಗೆ ತೆಗೆದದ್ದು. ನಾಲ್ಕನೇ ಕಾಲಂ ಬಹಳ ಮುಖ್ಯ. ಗಲ್ಲಾದಿಂದ ಹಾಲಿಗೆ ಇಪ್ಪತ್ತು, ಮಗನ ಕರೆನ್ಸಿಗೆ ಐವತ್ತು ಅಂತ ಹೋಗುವುದನ್ನು ಯಾರೂ ಲೆಕ್ಕ ಇಡುವುದಿಲ್ಲ.

ಮೀಟರ್ ಬಡ್ಡಿಯ ಕುಣಿಕೆ

ಸಂತೆಯ ತರಕಾರಿಯವರನ್ನು ಕೇಳಿ ನೋಡಿ. ಬೆಳಗ್ಗೆ 900 ಕೈಗೆ, ಸಂಜೆ 1,000 ವಾಪಸ್. ಕೇಳಲು ನೂರೇ ರೂಪಾಯಿ. ತಿಂಗಳಿಗೆ 25 ದಿನ ವ್ಯಾಪಾರ ಅಂದರೆ 2,500. ವರ್ಷಕ್ಕೆ 30,000. ಅದು ಒಂಬತ್ತು ನೂರು ರೂಪಾಯಿಯ ಬಂಡವಾಳಕ್ಕೆ ಕೊಟ್ಟ ಬಡ್ಡಿ! ಹುಬ್ಬಳ್ಳಿ, ಗದಗ ಕಡೆ ಇದಕ್ಕೆ ಮೀಟರ್ ಬಡ್ಡಿ ಅನ್ನುತ್ತಾರೆ. ಆಟೋ ಮೀಟರಿನ ಹಾಗೆ ನಿಂತಲ್ಲೂ ಓಡುತ್ತದೆ.

ಇದನ್ನು ಬಿಡಿಸಲು ದೊಡ್ಡ ಸಾಲ ಬೇಡ. ದಿನಕ್ಕೆ 50 ರೂಪಾಯಿ ಪಿಗ್ಮಿ ಕಟ್ಟಿದರೆ ಹದಿನೆಂಟು ದಿನಕ್ಕೆ 900 ಆಗುತ್ತದೆ. ಒಮ್ಮೆಲೇ ಆಗದಿದ್ದರೆ ವಾರಕ್ಕೆ ಒಂದು ದಿನ ಸ್ವಂತ ದುಡ್ಡಿನಲ್ಲಿ ಮಾಲು ತರಲಿ, ಮುಂದಿನ ತಿಂಗಳು ಎರಡು ದಿನ. ಗೃಹಲಕ್ಷ್ಮಿಯ 2,000 ಖಾತೆಗೆ ಬರುವವರಿದ್ದರೆ, ಬಂದ ತಿಂಗಳು ಅದರಲ್ಲಿ ಅರ್ಧ ಮಾಲಿಗೆ ಹೋಗಲಿ. ನಿಮ್ಮ ಕೈಯಲ್ಲಿ ಆದರೆ ನೀವೇ ಆ 900 ಕೈಗಡ ಕೊಡಿ. ನಾನು ಹೇಳುತ್ತೇನೆ, ಯಾವ ತರಬೇತಿಗಿಂತಲೂ ಇದು ದೊಡ್ಡ ಸಹಾಯ.

ಮೈಕ್ರೋಫೈನಾನ್ಸ್ ಸಾಲ ಬೇರೆ ಜಾತಿ. ಅಲ್ಲಿ ಬಡ್ಡಿಗಿಂತ ಜಾಸ್ತಿ ಕಾಡುವುದು ಒಂದರ ಮೇಲೊಂದು ಕಂತು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ವಸೂಲಿಯ ಕಾಟ ತಾಳಲಾರದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸುವ ಚಳವಳಿ ಮಾಡಿದ್ದು ನೆನಪಿರಬಹುದು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದಲ್ಲದೆ ಆರ್‌ಬಿಐ ನಿಯಮಗಳೂ ಇವೆ. ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಮೈಕ್ರೋಫೈನಾನ್ಸ್ ಸಾಲ ಕೊಡಬಾರದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ಇವೆರಡನ್ನೂ ಒಂದು ಚೀಟಿಯಲ್ಲಿ ಬರೆದು ಸಂಘದ ಪುಸ್ತಕಕ್ಕೆ ಅಂಟಿಸಿ.

ಈಗ ಸಿಬಿಲ್ ವಿಷಯ. ನಮ್ಮಲ್ಲಿ ಎಲ್ಲಕ್ಕೂ ಸಿಬಿಲ್ ಅನ್ನುತ್ತಾರೆ, ಆದರೆ ಸಾಲದ ದಾಖಲೆ ಇಡುವ ಇಂಥ ಕಂಪನಿಗಳು ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ಗುಂಪು ಸಾಲ ತೆಗೆದವರು ಕ್ರಿಫ್ ಹೈಮಾರ್ಕ್ ವರದಿಯನ್ನು ತಪ್ಪದೆ ನೋಡಬೇಕು. ತೀರಿದ ಸಾಲ ಬಾಕಿ ಅಂತ ತೋರಿಸಿದರೆ, ಸಾಲ ಕೊಟ್ಟ ಸಂಸ್ಥೆಯಿಂದ ತೀರುವಳಿ ಪತ್ರ ತಂದು ಅದೇ ವೆಬ್‌ಸೈಟಿನಲ್ಲಿ ತಕರಾರು ಹಾಕಬೇಕು. ಅಕ್ಕನ ಆ ಬಾಕಿ ಅಳಿಸಲು ನಾವು ನಾಲ್ಕು ಸಲ ಓಡಾಡಿದೆವು. ಕೊನೆಗೂ ಅಳಿಯಿತು.

ಯಲ್ಲವ್ವ, ಎಲ್ಲಮ್ಮ ಒಬ್ಬರೇನಾ?

ನಮ್ಮ ಜಿಲ್ಲೆಗಳಲ್ಲಿ ಅರ್ಜಿ ಬೀಳುವುದು ಬಡತನದಿಂದಲ್ಲ, ಸ್ಪೆಲ್ಲಿಂಗಿನಿಂದ. ರೇಷನ್ ಕಾರ್ಡಿನಲ್ಲಿ ಯಲ್ಲವ್ವ. ಆಧಾರಿನಲ್ಲಿ ಎಲ್ಲಮ್ಮ. ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಶಾಲೆಯ ದಾಖಲೆಯಲ್ಲಿ ಮನೆತನದ ಅಡ್ಡಹೆಸರು. ಕಂಪ್ಯೂಟರಿಗೆ ಇವರು ನಾಲ್ಕು ಜನ.

ಎಲ್ಲ ಕಾಗದವನ್ನೂ ನೆಲದ ಮೇಲೆ ಹರಡಿ. ಹೆಸರು, ಹುಟ್ಟಿದ ತಾರೀಖು, ವಿಳಾಸ ಮೂರನ್ನೂ ಅಕ್ಷರ ಅಕ್ಷರ ತಾಳೆ ನೋಡಿ. ಯಾವ ಹೆಸರು ಹೆಚ್ಚು ಕಾಗದದಲ್ಲಿ ಇದೆಯೋ ಅದನ್ನು ಉಳಿಸಿಕೊಳ್ಳಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅವಸರ ಮಾಡಬೇಡಿ. ಮೊಬೈಲ್ ನಂಬರ್ ಲಿಂಕ್ ಇದೆಯಾ ನೋಡಿ. ಎಷ್ಟೋ ಸಲ ಲಿಂಕ್ ಆಗಿರುವುದು ಮನೆ ಬಿಟ್ಟು ಹೋದ ಗಂಡನ ನಂಬರಿಗೆ! ಓಟಿಪಿ ಅವನಿಗೆ ಹೋಗುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಅದರ ಮೇಲಿನ ಆರ್‌ಡಿ ನಂಬರ್ ಫೋಟೋ ತೆಗೆದು ಇಟ್ಟುಕೊಳ್ಳಿ, ಮುಂದೆ ಎಲ್ಲಾ ಅರ್ಜಿಯಲ್ಲೂ ಅದನ್ನೇ ಕೇಳುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಪತ್ರ ಒಮ್ಮೆ ಮಾಡಿಸಿದರೆ ಸಾಕು. ಆದಾಯ ಪತ್ರ 5 ವರ್ಷ ನಡೆಯುತ್ತದೆ, ಆಮೇಲೆ ಹೊಸದು. ಅಂಗವಿಕಲರಿಗೆ ಯುಡಿಐಡಿ ಅನ್ನುವ ಗುರುತಿನ ಕಾರ್ಡ್ ಇಲ್ಲದೆ ಯಾವ ಬಾಗಿಲೂ ತೆರೆಯುವುದಿಲ್ಲ. ಮೊದಲು ಅದನ್ನು ಮಾಡಿಸಿ. ಹಳ್ಳಿಯಲ್ಲಿ ಗ್ರಾಮ ಒನ್, ಊರಲ್ಲಿ ಕರ್ನಾಟಕ ಒನ್ ಕೇಂದ್ರ ಈ ಕೆಲಸಗಳಿಗೆ ಸಾಕು. ಏಜೆಂಟರ ಹತ್ತಿರ ಹೋಗಬೇಡಿ ಅಂತ ಹೇಳುವುದು ಸುಲಭ. ಒಂದು ದಿನದ ಕೂಲಿ ಬಿಟ್ಟು ಕ್ಯೂನಲ್ಲಿ ನಿಲ್ಲುವವರಿಗೆ ಏಜೆಂಟ್ 300 ತೆಗೆದುಕೊಂಡರೂ ಅಗ್ಗ ಅನಿಸುತ್ತದೆ. ಅದಕ್ಕೇ ಆ ಕ್ಯೂನಲ್ಲಿ ಅವರ ಬದಲು ನೀವು ನಿಲ್ಲಬೇಕು. ಬೆರಳು ಒತ್ತುವ ಹೊತ್ತಿಗೆ ಅವರು ಬಂದರೆ ಸಾಕು.

ಮೊದಲು ಒಂದು ತಿಂಗಳು ಮಾರಿ ನೋಡಲಿ

ಅಂಗಡಿ ಬಾಡಿಗೆ, ಬೋರ್ಡು, ಫ್ರಿಜ್ ಯಾವುದೂ ಬೇಡ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ನಿಂತು ನೋಡಿ, ಗಿರ್ಮಿಟ್, ಮಿರ್ಚಿ ಗಾಡಿಗಳ ಒಟ್ಟು ಸಾಮಾನು ಎಷ್ಟು ಅಂತ. ಹಾಗೆ ಶುರು ಮಾಡಲಿ. ವಾರದ ಸಂತೆ, ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ, ಓಣಿಯ ಗಣಪತಿ, ಸಂಬಂಧಿಕರ ಸೀಮಂತ, ಇವೆಲ್ಲ ಪುಕ್ಕಟೆ ಪರೀಕ್ಷೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಮೇಲೆ ನವಲಗುಂದ, ಕುಂದಗೋಳದಿಂದ ಹುಬ್ಬಳ್ಳಿಗೆ ಡಬ್ಬಿ ತಂದು ಮಾರುವುದು ಕಷ್ಟ ಅಲ್ಲ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ದಲಿತ ಹೆಣ್ಣುಮಗಳು ಮಾಡಿದ ಚಟ್ನಿಪುಡಿ ಚೆನ್ನಾಗಿದೆ ಅಂತ ತಿಂದವರೇ, ಯಾರ ಮನೆಯದ್ದು ಅಂತ ಗೊತ್ತಾದ ಮೇಲೆ ಮರುವಾರ ತೆಗೆದುಕೊಳ್ಳಲಿಲ್ಲ. ನಾನೇ ಕಂಡದ್ದು. ಹೆಸರು ಕೇಳಿ "ಅಂಗಡಿ ಬಾಡಿಗೆಗೆ ಇಲ್ಲ" ಅಂದವರನ್ನೂ ಕಂಡಿದ್ದೇನೆ. ಜಾತಿ ಮುಚ್ಚಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನು ಮಾಡುವುದು ಇಷ್ಟು: ಮೊದಲ ಗಿರಾಕಿಗಳನ್ನು ಊರೊಳಗೆ ಹುಡುಕುವ ಬದಲು ಪಿಜಿ, ಹಾಸ್ಟೆಲ್, ಆಫೀಸುಗಳಲ್ಲಿ ಹುಡುಕುವುದು. ಪೇಟೆ ದೊಡ್ಡದಾದಷ್ಟೂ ಈ ಪ್ರಶ್ನೆ ಕೇಳುವವರು ಕಡಿಮೆ. ಬಾಡಿಗೆ ಮಾತಾಡಲು ನೀವೇ ಜೊತೆಗೆ ಹೋಗಿ. ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದ್ದರೆ ಅದನ್ನು ಇಂಥಲ್ಲಿ ಖರ್ಚು ಮಾಡಿ.

ಉದ್ರಿಗೆ ಮೊದಲ ದಿನವೇ ಒಂದು ಗೆರೆ ಎಳೆಯಿರಿ. ಪೂರ್ತಿ ಬೇಡ ಅಂದರೆ ನಮ್ಮ ಕಡೆ ವ್ಯಾಪಾರವೇ ಆಗುವುದಿಲ್ಲ. ಒಬ್ಬರಿಗೆ 200 ದಾಟಬಾರದು, ಸಂಬಂಧಿಕರಿಗೂ ಅದೇ. ಪುಸ್ತಕ ನಿಮ್ಮ ಹತ್ತಿರ ಇದೆ ಅಂತ ಹೇಳಿಕೊಳ್ಳಲಿ. "ಅವರು ಬೈತಾರ್ರೀ" ಅನ್ನುವ ನೆವ ಅವರಿಗೆ ಬೇಕಾಗುತ್ತದೆ.

ಲೈಸೆನ್ಸು, ಮತ್ತು ಆ 29 ಲಕ್ಷದ ನೋಟಿಸು

ಇದು ಜಾಸ್ತಿ ಇಲ್ಲ. ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. ಸಣ್ಣವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಅಂಗಡಿ ಹಾಕಿದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಿಂದ ಟ್ರೇಡ್ ಲೈಸೆನ್ಸ್.

ಗಾಡಿ, ಬುಟ್ಟಿ ವ್ಯಾಪಾರದವರಿಗೆ ಬೇಕಾದ್ದು ಬೀದಿಬದಿ ವ್ಯಾಪಾರಿಯ ಪ್ರಮಾಣಪತ್ರ. 2014ರ ಕಾನೂನು ಇದನ್ನು ಹಕ್ಕು ಮಾಡಿದೆ. ಆ ಪತ್ರ ಕೊಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪತ್ರ ಇದ್ದವರನ್ನು ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ಕಾನೂನು ಹೀಗಿದೆ, ರಸ್ತೆಯಲ್ಲಿ ಬೇರೆ ನಡೆಯುತ್ತದೆ. ಆದರೂ ಪತ್ರ ತೋರಿಸಿದಾಗ ಮಾತಿನ ಧಾಟಿ ಬದಲಾಗುವುದನ್ನು ನೋಡಿದ್ದೇನೆ. ಲ್ಯಾಮಿನೇಷನ್ ಮಾಡಿಸಿ ಗಾಡಿಗೇ ಕಟ್ಟಿಸಿ.

2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸ್ ಬಂತು. ನಾಲ್ಕು ವರ್ಷದ ಯುಪಿಐ ವಹಿವಾಟು 1.63 ಕೋಟಿ ಆಗಿದೆ ಅಂತ. ರಾಜ್ಯದ ತುಂಬ ಗಾಡಿಗಳ ಮೇಲೆ "ಕ್ಯಾಶ್ ಮಾತ್ರ" ಬೋರ್ಡು ಬಂದವು. ಅವತ್ತಿನಿಂದ ನಮ್ಮವರು ಸ್ಕ್ಯಾನರ್ ಅಂದರೆ ಹೆದರುತ್ತಾರೆ. ಅವರಿಗೆ ಹೀಗೆ ಬಿಡಿಸಿ ಹೇಳಿ: ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೇರೆ ಮಾಲು ಮಾರುವವರಿಗೂ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಸೇವೆಗಾದರೆ 20 ಲಕ್ಷ. ದಿನಕ್ಕೆ 2,000 ವ್ಯಾಪಾರ ಮಾಡುವವರ ಲೆಕ್ಕ ವರ್ಷಕ್ಕೆ ಏಳೂವರೆ ಲಕ್ಷ ಕೂಡ ದಾಟಿರುವುದಿಲ್ಲ. ಸ್ಕ್ಯಾನರ್ ತೆಗೆಯಬೇಡಿ, ನಾಳೆ ಬ್ಯಾಂಕಿನವರು ನೋಡುವುದು ಅದನ್ನೇ. ಆದರೆ ಅಳಿಯ, ತಮ್ಮ ಎಲ್ಲರ ದುಡ್ಡೂ ಅದೇ ಖಾತೆಯಲ್ಲಿ ಓಡಾಡದಿರಲಿ. ವ್ಯಾಪಾರಕ್ಕೆ ಬೇರೆ ಖಾತೆ ತೆಗೆಸಿ.

ಈಗ ಸಾಲ: ಯಾರಿಗೆ ಯಾವ ಬಾಗಿಲು

ಯೋಜನೆಗಳ ಪಟ್ಟಿ ಉದ್ದ ಇದೆ. ನಾನು ಕೆಲಸಕ್ಕೆ ಬಂದದ್ದನ್ನು ಮಾತ್ರ ಹೇಳುತ್ತೇನೆ.

ಬೀದಿ ವ್ಯಾಪಾರಿಗೆ ಪಿಎಂ ಸ್ವನಿಧಿ. 2020ರಲ್ಲಿ 10,000ದಿಂದ ಶುರುವಾಯಿತು, ಈಗ ಮೊದಲ ಕಂತು 15,000, ಅದನ್ನು ತೀರಿಸಿದರೆ 25,000, ಆಮೇಲೆ 50,000. ಸರಿಯಾಗಿ ಕಟ್ಟಿದರೆ ವರ್ಷಕ್ಕೆ ಶೇ. 7ರ ದರದಲ್ಲಿ ಬಡ್ಡಿ ವಾಪಸ್ ಬರುತ್ತದೆ. ಮೀಟರ್ ಬಡ್ಡಿಯಿಂದ ಹೊರಬರುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮೊದಲ ಕಂತನ್ನು ಚೊಕ್ಕವಾಗಿ ತೀರಿಸಿದ ದಾಖಲೆಯೇ ಅವರ ಮೊದಲ ಸಿಬಿಲ್.

ಚಪ್ಪಲಿ ಹೊಲಿಯುವವರು, ಕ್ಷೌರಿಕರು, ಬಡಿಗರು, ಕುಂಬಾರರು, ದರ್ಜಿಗಳು, ಬುಟ್ಟಿ ಹೆಣೆಯುವವರು ಹೀಗೆ 18 ಕಸುಬಿನವರಿಗೆ ಪಿಎಂ ವಿಶ್ವಕರ್ಮ. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000, ಆಮೇಲೆ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ. ದಿನಗೂಲಿ ಬಿಟ್ಟು ತರಬೇತಿಗೆ ಹೋಗಲು ಆ 500 ಬಹಳ ಮುಖ್ಯ.

ಸಣ್ಣ ಅಂಗಡಿಗೆ ಮುದ್ರಾ. ಅದರಲ್ಲಿ ಶಿಶು ಅನ್ನುವ ಮೊದಲ ಹಂತ ಅಂದರೆ 50,000ದವರೆಗೆ. "ಅಡ ಏನಿದೆ?" ಅಂತ ಕೇಳಿದರೆ ಧೈರ್ಯವಾಗಿ ಹೇಳಿ: 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ, ಆರ್‌ಬಿಐ ನಿಯಮ ಇದೆ.

ಹೆಣ್ಣುಮಕ್ಕಳಿಗೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ. 3 ಲಕ್ಷದವರೆಗೆ ಸಾಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ ಸಬ್ಸಿಡಿ, ಉಳಿದವರಿಗೆ ಶೇ. 30. ಅಂಬೇಡ್ಕರ್, ಆದಿಜಾಂಬವ, ವಾಲ್ಮೀಕಿ, ದೇವರಾಜ ಅರಸು, ಅಲ್ಪಸಂಖ್ಯಾತರ ನಿಗಮಗಳೂ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತವೆ. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಕೊಡುವುದು ಕೆಲವರಿಗೆ, ಕೇಳುವವರು ಸಾವಿರಾರು. ಎರಡು ವರ್ಷ ಸಬ್ಸಿಡಿಗೆ ಕಾದು ವ್ಯಾಪಾರವನ್ನೇ ಮರೆತವರಿದ್ದಾರೆ.

ಗಿರಣಿ, ಖಾರ ಕುಟ್ಟುವ ಮಷಿನ್ ಥರದ ದೊಡ್ಡ ಯೋಚನೆ ಇದ್ದರೆ ಕೇಂದ್ರದ ಸಬ್ಸಿಡಿ ಸಾಲದ ಯೋಜನೆ ಪಿಎಂಇಜಿಪಿ. ಹೆಣ್ಣುಮಕ್ಕಳು, ದಲಿತರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರಿಗೆ ಹಳ್ಳಿಯಲ್ಲಿ ಶೇ. 35, ಊರಲ್ಲಿ ಶೇ. 25 ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು ಶೇ. 5. ಒಂದು ಎಚ್ಚರಿಕೆ: ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಕೂತು ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಅರ್ಜಿ ಈಗ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲು ಕೇಳಿ, ಆಮೇಲೆ ಕೊಟೇಷನ್ ತೆಗೆಸಿ.

ಒಂಟಿಯಾಗಿ ಆಗದಿದ್ದರೆ ಸಂಘ. ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳಿಗೆ ಬ್ಯಾಂಕು 10 ಲಕ್ಷದವರೆಗೆ ಅಡ ಇಲ್ಲದೆ ಕೊಡುತ್ತದೆ. ಗುಂಪಾಗಿ ಸಾಲ ಮಾಡಿ ಒಬ್ಬರನ್ನೊಬ್ಬರು ಎತ್ತುವುದು ನಮಗೆ ಹೊಸದಲ್ಲ ಬಿಡಿ. ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ. ಅದರ ಹಿಂದೆ ಇದ್ದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು.

ತರಬೇತಿ ಬೇಕಾದವರಿಗೆ ಪ್ರತಿ ಜಿಲ್ಲೆಯಲ್ಲೂ ಆರ್‌ಸೆಟಿ, ಅಂದರೆ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ ಇದೆ, ಧಾರವಾಡದಲ್ಲಿ ಅದೇ ಥರದ ರುಡ್‌ಸೆಟ್ ಸಂಸ್ಥೆ ಇದೆ. ಊಟ, ವಸತಿ, ಪಾಠ ಎಲ್ಲ ಪುಕ್ಕಟೆ. ಅಲ್ಲಿನ ಪ್ರಮಾಣಪತ್ರಕ್ಕೆ ಬ್ಯಾಂಕಿನಲ್ಲಿ ಬೆಲೆ ಇದೆ.

ಬ್ಯಾಂಕಿಗೆ ಹೋಗುವ ಹಿಂದಿನ ದಿನ

ಮನೆಯಲ್ಲೇ ಒಂದು ನಾಟಕ ಮಾಡಿ. ನೀವು ಮ್ಯಾನೇಜರ್. ಐದೇ ಪ್ರಶ್ನೆ: ಏನು ವ್ಯಾಪಾರ, ದಿನಕ್ಕೆ ಎಷ್ಟು ಉಳಿಯುತ್ತೆ, ಎಷ್ಟು ಬೇಕು, ಯಾಕೆ ಬೇಕು, ತಿಂಗಳಿಗೆ ಎಷ್ಟು ಕಟ್ಟುತ್ತೀರಿ. ಮೊದಲ ಸಲ ಎಲ್ಲರೂ ನಗುತ್ತಾರೆ, ಎರಡನೇ ಸಲ ತಡವರಿಸುತ್ತಾರೆ, ಮೂರನೇ ಸಲ ಲೆಕ್ಕ ಬಾಯಿಗೆ ಬರುತ್ತದೆ. ನಾಟಕದಲ್ಲಿ ಕುರ್ಚಿ ಎಳೆದು ಕೂರುವುದನ್ನೂ ಸೇರಿಸಿ. ಬ್ಯಾಂಕಿನಲ್ಲಿ ನೀವು ಬಾಯಿ ಬಿಡಬೇಡಿ. ಮ್ಯಾನೇಜರ್ ನಿಮ್ಮ ಮುಖ ನೋಡಿ ಮಾತಾಡಿದರೆ ಅವರ ಕಡೆ ಕೈ ತೋರಿಸಿ.

ತಿಂಗಳ ಹದಿನೈದು ಇಪ್ಪತ್ತರ ನಡುವೆ, ಮಧ್ಯಾಹ್ನ ಊಟದ ನಂತರ ಹೋಗಿ. ಮೊದಲ ವಾರ ಪೆನ್ಷನ್ ಗದ್ದಲ, ಕೊನೆಯ ವಾರ ಟಾರ್ಗೆಟ್ ಗದ್ದಲ. ಗಾಲಿಕುರ್ಚಿಯವರಿಗೆ ಮೆಟ್ಟಿಲು ದಾಟಲು ಆಗದಿದ್ದರೆ, ಸಿಬ್ಬಂದಿ ಕೆಳಗೆ ಬರಲಿ ಅಂತ ಮೊದಲೇ ಫೋನ್ ಮಾಡಿ ಹೇಳಿ.

"ಆಗಲ್ಲ" ಅಂದರೆ ಜಗಳ ಬೇಡ. ಕಾರಣ ಬರೆದು ಕೊಡಿ ಅಂತ ಕೇಳಿ. ಈ ಒಂದು ಮಾತಿಗೆ ಅರ್ಧ ಅರ್ಜಿಗಳು ಮತ್ತೆ ಮೇಜಿನ ಮೇಲೆ ಬರುತ್ತವೆ. ಇಲ್ಲದಿದ್ದರೆ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಪತ್ರ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಇಲ್ಲದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ.

ಸಾಲ ಬಂದ ಮೇಲಿನ ಆರು ತಿಂಗಳು

ನಿಜವಾದ ಕೆಲಸ ಇಲ್ಲಿದೆ, ಆದರೆ ಬಹಳ ಜನ ಇಲ್ಲಿಗೆ ಬರುವ ಹೊತ್ತಿಗೆ ಹೂವಿನ ಹಾರ ಹಾಕಿ ಮನೆಗೆ ಹೋಗಿರುತ್ತಾರೆ. ದುಡ್ಡು ಖಾತೆಗೆ ಬಿದ್ದ ವಾರ ಮನೆಯಲ್ಲಿ ಎಲ್ಲರಿಗೂ ಏನೋ ಒಂದು ನೆನಪಾಗುತ್ತದೆ. ಮೈದುನನ ಬೈಕು, ನಾದಿನಿಯ ಮದುವೆ, ಸೋರುವ ಮಾಳಿಗೆ. ಅದಕ್ಕೆ ಸಾಮಾನಿನ ದುಡ್ಡು ನೇರವಾಗಿ ಅಂಗಡಿಗೇ ಹೋಗುವ ಹಾಗೆ ಕೊಟೇಷನ್ ಕೊಟ್ಟಿರಿ.

ಕಂತನ್ನು ತಿಂಗಳ ಕೊನೆಗೆ ಹುಡುಕಬಾರದು. 1,800 ಕಂತು ಅಂದರೆ ದಿನಕ್ಕೆ 60 ಪಿಗ್ಮಿ, ಅಥವಾ ಬೇರೆ ಡಬ್ಬಿ. ಆಸ್ಪತ್ರೆ ಖರ್ಚು ಬಂದು ಒಂದು ಕಂತು ತಪ್ಪಿದರೆ ಫೋನ್ ಆಫ್ ಮಾಡುವುದು ನಮ್ಮವರ ಅಭ್ಯಾಸ. ಹಾಗೆ ಮಾಡದೆ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಹೇಳಿಸಿ.

ಮೊದಲ ತಿಂಗಳು ವಾರಕ್ಕೊಮ್ಮೆ ಹೋಗಿ ಪುಸ್ತಕ ನೋಡಿ, ಆಮೇಲೆ ಹದಿನೈದು ದಿನಕ್ಕೊಮ್ಮೆ, ನಾಲ್ಕನೇ ತಿಂಗಳಿಂದ ಅವರು ಕರೆದಾಗ. ಅವರ ಮೂಲ ಕಾಗದ, ಎಟಿಎಂ ಕಾರ್ಡ್, ಪಾಸ್‌ವರ್ಡ್ ಒಂದೂ ನಿಮ್ಮ ಹತ್ತಿರ ಉಳಿಯಬಾರದು. ಅರ್ಜಿಗೆ ನಿಮ್ಮ ಇಮೇಲ್, ನಿಮ್ಮ ನಂಬರ್ ಹಾಕಿದ್ದರೆ ಈಗಲೇ ಬದಲಾಯಿಸಿ. ಫೈಲು ಅವರ ಮನೆಯಲ್ಲೇ ಇರಲಿ. ನಮ್ಮ ಅಕ್ಕ ಸೀರೆ ಅಂಗಡಿಯ ಆ ಕವರನ್ನು ಇನ್ನೂ ಬಿಟ್ಟಿಲ್ಲ. ಪ್ಲಾಸ್ಟಿಕ್ ಫೈಲನ್ನು ಅದರೊಳಗೆ ಹಾಕಿ, ಇಲಿ ಹತ್ತಬಾರದು ಅಂತ ಜಂತಿಗೆ ನೇತು ಹಾಕಿದ್ದಾರೆ.